ಮಕ್ಕಳ ಜೊತೆ ಡೋಡಿತಾಲ್‌ಗೆ: ಹಿಮಾಲಯದ ಕೆರೆಯೊಂದಕ್ಕೆ ಮನೆಮಂದಿಯೆಲ್ಲ ನಡೆದು ಹೋಗುವುದು ಹೇಗೆ?

ಮಕ್ಕಳನ್ನು ಹಿಮಾಲಯಕ್ಕೆ ಕರೆದುಕೊಂಡು ಹೋಗಬಹುದಾ? ಎಷ್ಟು ವಯಸ್ಸಾಗಿರಬೇಕು? ಎಷ್ಟು ದಿನ ರಜೆ ಬೇಕು? ಸಾಮಾನು ಯಾರು ಹೊರುತ್ತಾರೆ? ಚಳಿಗೆ ಏನು ಮಾಡುವುದು? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹವಾಮಾನ ಕೆಟ್ಟು, ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ತೀರಿಕೊಂಡರು. ಆಮೇಲೆ ಈ ಪ್ರಶ್ನೆಗಳ ಜೊತೆಗೆ ಭಯವೂ ಸೇರಿಕೊಂಡಿದೆ. ಭಯ ಇರುವುದು ತಪ್ಪಲ್ಲ. ಆದರೆ ಹಿಮಾಲಯದ ಎಲ್ಲ ಕೆರೆಗಳೂ ಒಂದೇ ತರಹ ಇಲ್ಲ. ಸಹಸ್ರತಾಲ್ ಇರುವುದು ಮರಗಿಡ ಬೆಳೆಯುವ ಎತ್ತರಕ್ಕಿಂತ ತುಂಬಾ ಮೇಲೆ, ಗಾಳಿಗೆ ತೆರೆದ ಜಾಗದಲ್ಲಿ. ಅದು ಮಕ್ಕಳ ದಾರಿಯಲ್ಲ.

ಮನೆಮಂದಿಯೆಲ್ಲ ಮೊದಲ ಸಲ ಹೋಗುವುದಾದರೆ ನಾನು ಹೇಳುವ ಹೆಸರು ಡೋಡಿತಾಲ್. ಅದೂ ಉತ್ತರಾಖಂಡದಲ್ಲೇ, ಉತ್ತರಕಾಶಿ ಜಿಲ್ಲೆಯಲ್ಲಿದೆ. ಎತ್ತರ 3,000 ಮೀಟರ್ ದಾಟುತ್ತದೆ. ದಾರಿಯ ಬಹುಪಾಲು ಓಕ್, ದೇವದಾರು, ರೋಡೋಡೆಂಡ್ರಾನ್ ಮರಗಳ ಕಾಡಿನೊಳಗೆ ಸಾಗುವುದರಿಂದ ಗಾಳಿ ನೇರವಾಗಿ ಹೊಡೆಯುವುದಿಲ್ಲ. ನಡುನಡುವೆ ತಂಗಲು ಜಾಗಗಳಿವೆ. ಯಾವ ಹಂತದಲ್ಲಾದರೂ ಬಂದ ದಾರಿಯಲ್ಲೇ ವಾಪಸ್ ಇಳಿಯಬಹುದು. ಕೆರೆಯ ದಡದಲ್ಲಿ ಗಣಪತಿಯ ಗುಡಿ ಇದೆ. ಗಣಪ ಹುಟ್ಟಿದ್ದು ಇಲ್ಲೇ ಎಂದು ಸುತ್ತಲಿನ ಹಳ್ಳಿಗಳ ಜನ ನಂಬುತ್ತಾರೆ. ತಿಳಿನೀರಿನಲ್ಲಿ ಟ್ರೌಟ್ ಮೀನುಗಳು ಓಡಾಡುವುದು ದಡದಿಂದಲೇ ಕಾಣುತ್ತದೆ. ಮಕ್ಕಳಿಗೆ ಇಷ್ಟು ಸಾಕು.

ಶುರು ಮಾಡುವ ಮೊದಲೇ ಒಂದು ಮಾತು. ಮಕ್ಕಳ ಜೊತೆಗಿನ ನಡಿಗೆ ಕೆಡುವುದು ದಾರಿ ಕಷ್ಟ ಎಂದಲ್ಲ, ದಿನ ಕಡಿಮೆ ಎಂದು. ನಾಳೆಯೇ ವಿಮಾನ ಹಿಡಿಯಬೇಕು ಎನ್ನುವ ಅಪ್ಪ ಅಮ್ಮ ಮಗುವಿನ ತಲೆನೋವನ್ನು "ಏನಿಲ್ಲ, ನಡಿ" ಎಂದು ತಳ್ಳಿಹಾಕುತ್ತಾರೆ. ಕೆಳಗಿನ ಲೆಕ್ಕದಲ್ಲಿ ಒಂದು ದಿನ ಖಾಲಿ ಬಿಟ್ಟಿದ್ದೇನೆ. ದುಡ್ಡು ಉಳಿಸಲು ಬೇರೆ ಏನನ್ನಾದರೂ ಕಡಿಮೆ ಮಾಡಿ, ಆ ದಿನವನ್ನು ಮಾತ್ರ ತೆಗೆಯಬೇಡಿ.

1. ಯಾರು ಹೋಗಬಹುದು?

ತಾನೇ ನಡೆಯುವ, ಮೈಗೆ ಏನಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಬಲ್ಲ ಮಗು ಹೋಗಬಹುದು. ನನ್ನ ಅಂದಾಜಿನಲ್ಲಿ ಎಂಟು ವಯಸ್ಸು ದಾಟಿದ್ದರೆ ಒಳ್ಳೆಯದು. ಐದಾರು ವರ್ಷದ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಹೊತ್ತವರಿಗೆ ನಡೆದು ಮೈ ಬಿಸಿಯಾಗಿರುತ್ತದೆ, ಬೆನ್ನ ಮೇಲೆ ಸುಮ್ನೆ ಕೂತ ಮಗು ತಣ್ಣಗಾಗುತ್ತಿರುತ್ತದೆ. ಹೊತ್ತವರಿಗೆ ಅದು ಗೊತ್ತೇ ಆಗುವುದಿಲ್ಲ.

ಹೊರಡುವ ಒಂದು ತಿಂಗಳ ಮೊದಲು ಎಲ್ಲರೂ ಡಾಕ್ಟರನ್ನು ನೋಡಿ. ಉಬ್ಬಸ, ಹೃದಯದ ತೊಂದರೆ, ರಕ್ತಹೀನತೆ ಇದ್ದರೆ ಅವರು ಒಪ್ಪದೆ ಹೊರಡಬೇಡಿ. ಹೊರಡುವ ವಾರ ಮಗುವಿಗೆ ನೆಗಡಿ, ಕೆಮ್ಮು, ಕಿವಿನೋವು ಇದ್ದರೆ ಪ್ರಯಾಣ ಮುಂದೂಡಿ. ಉಸಿರಾಟದ ಸೋಂಕು ಇರುವ ಮಕ್ಕಳಿಗೆ ಎತ್ತರದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಜಾಸ್ತಿ.

ಅಜ್ಜ ಅಜ್ಜಿ ಜೊತೆಗೆ ಬರುತ್ತೇನೆ ಅಂದರೆ ಉತ್ತರಕಾಶಿಯವರೆಗೆ ಖಂಡಿತ ಕರೆದುಕೊಂಡು ಹೋಗಿ. ಭಾಗೀರಥಿಯ ದಡ, ಕಾಶಿ ವಿಶ್ವನಾಥ ದೇವಸ್ಥಾನ ಎರಡೂ ಅಲ್ಲಿವೆ. ನೀವು ಮೇಲೆ ಹೋಗಿ ಬರುವವರೆಗೆ ಅವರು ಆರಾಮಾಗಿ ಇರಬಹುದು. ತುರ್ತು ಬಂದಾಗ ಫೋನ್ ತೆಗೆಯಲು ಕೆಳಗೆ ನಮ್ಮವರೊಬ್ಬರು ಇದ್ದಂತೆಯೂ ಆಯಿತು.

2. ಯಾವಾಗ ಹೋಗಬೇಕು?

ನಮ್ಮ ಮಕ್ಕಳ ರಜೆಗೆ ಎರಡು ಕಾಲ ಹೊಂದುತ್ತವೆ: ಮೇ ತಿಂಗಳು ಮತ್ತು ದಸರಾ ರಜೆ.

ನನ್ನ ಆಯ್ಕೆ ದಸರಾ ರಜೆ. ಮಳೆ ಮುಗಿದು ಆಕಾಶ ತೊಳೆದಂತಿರುತ್ತದೆ, ದೂರದ ಹಿಮದ ಶಿಖರಗಳು ಚೆನ್ನಾಗಿ ಕಾಣುತ್ತವೆ. ಆದರೆ ಅಕ್ಟೋಬರ್ ರಾತ್ರಿಗಳಲ್ಲಿ ಕೆರೆಯ ಬಳಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕೆ ತಯಾರಿರಬೇಕು. ಮೇ ತಿಂಗಳಲ್ಲಿ ಚಳಿ ಕಡಿಮೆ. ತೊಂದರೆ ಏನೆಂದರೆ ಉತ್ತರಕಾಶಿ ಗಂಗೋತ್ರಿಗೆ ಹೋಗುವ ದಾರಿಯಲ್ಲಿದೆ. ಅಕ್ಷಯ ತದಿಗೆಯ ಹೊತ್ತಿಗೆ ಚಾರ್‌ಧಾಮ ಯಾತ್ರೆ ಶುರುವಾದರೆ ಟ್ಯಾಕ್ಸಿ, ರೂಮು ಎರಡೂ ಸಿಗುವುದು ಕಷ್ಟ. ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಬರುತ್ತದೆ.

ಜುಲೈ, ಆಗಸ್ಟ್ ತಿಂಗಳಲ್ಲಿ ಬೇಡವೇ ಬೇಡ. ದಾರಿಯುದ್ದಕ್ಕೂ ಜೊತೆಗೆ ಹರಿಯುವ ಅಸ್ಸಿ ಗಂಗಾ ನದಿಯಲ್ಲಿ 2012ರ ಆಗಸ್ಟ್‌ನಲ್ಲಿ ಮೇಘಸ್ಫೋಟದಿಂದ ಭಾರಿ ಪ್ರವಾಹ ಬಂದು ಜೀವಹಾನಿಯಾಯಿತು. 2025ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಧರಾಲಿ ಊರಿನ ಮೇಲೆ ಕೆಸರು ನೀರು ನುಗ್ಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಮೇಘಸ್ಫೋಟ ಅಂದರೆ ಸಣ್ಣ ಜಾಗದಲ್ಲಿ ಅಲ್ಪ ಹೊತ್ತಿನಲ್ಲೇ ವಿಪರೀತ ಮಳೆ ಸುರಿಯುವುದು. ಕಡಿದಾದ ಕಣಿವೆಯಲ್ಲಿ ಆ ನೀರಿಗೆ ಹರಡಿಕೊಳ್ಳಲು ಜಾಗವೇ ಇರುವುದಿಲ್ಲ.

3. ಎರಡು ತಿಂಗಳ ಮೊದಲಿನಿಂದ ತಯಾರಿ

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಲು ಶುರು ಮಾಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರದೆಂಟು ಮೆಟ್ಟಿಲು ಇದ್ದೇ ಇವೆ. ವಾರಕ್ಕೊಮ್ಮೆ ಹತ್ತಿ ಇಳಿಯಿರಿ. ಇಳಿಯುವುದನ್ನು ಬಿಡಬೇಡಿ, ಮೊಣಕಾಲು ನೋಯುವುದು ಇಳಿಯುವಾಗಲೇ. ಒಂದು ತಿಂಗಳಾದ ಮೇಲೆ ಶಿವಗಂಗೆ, ಸಾವನದುರ್ಗದಂಥ ಬೆಟ್ಟಕ್ಕೆ ಮಕ್ಕಳ ಬೆನ್ನಿಗೂ ಬ್ಯಾಗ್ ಹಾಕಿ ಕರೆದುಕೊಂಡು ಹೋಗಿ. ಕೊನೆಗೆ ಕುದುರೆಮುಖದಂಥ ಇಡೀ ದಿನದ ನಡಿಗೆ ಒಂದು ಮಾಡಿ. ಅದಕ್ಕೆ ಅರಣ್ಯ ಇಲಾಖೆಯಲ್ಲಿ ಮೊದಲೇ ಬುಕ್ ಮಾಡಬೇಕು.

ಇಲ್ಲಿ ಬಹಳ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ. "ನಮ್ಮ ಹುಡುಗ ಕುಮಾರಪರ್ವತ ಒಂದೇ ದಿನಕ್ಕೆ ಹತ್ತಿ ಇಳಿದಿದ್ದಾನೆ, ಇದೇನು ಮಹಾ" ಅನ್ನುತ್ತಾರೆ. ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಇರುವುದು 1,930 ಮೀಟರ್. ಎತ್ತರದ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಅಂದರೆ ಇಲ್ಲಿನ ಬೆಟ್ಟಗಳು ಕಾಲಿಗೆ, ಉಸಿರಿಗೆ ಅಭ್ಯಾಸ ಕೊಡುತ್ತವೆಯೇ ಹೊರತು ಎತ್ತರ ನಮ್ಮ ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ಗಟ್ಟಿಮುಟ್ಟಾದ ಆಟಗಾರನಿಗೂ ತಲೆನೋವು ಬರಬಹುದು, ಸಣಕಲು ಹುಡುಗಿ ಆರಾಮಾಗಿ ಇರಬಹುದು.

4. ಸಾಮಾನು: ಏನು ಬೇಕು, ಏನು ಬೇಡ

ಮೊದಲು ಶೂ. ಕಣಕಾಲು ಮುಚ್ಚುವ, ಅಡಿಯಲ್ಲಿ ಒಳ್ಳೆಯ ಹಿಡಿತ ಇರುವ ಶೂ ತೆಗೆದುಕೊಳ್ಳಿ. ಮಕ್ಕಳಿಗೆ ದಪ್ಪ ಸಾಕ್ಸ್ ಹಾಕಿಸಿಯೇ ಅಳತೆ ನೋಡಿ. ತಿಂಗಳ ಮೊದಲೇ ಕೊಂಡು, ಶಾಲೆಯಿಂದ ಬಂದ ಮೇಲೆ ಹಾಕಿಕೊಂಡು ಓಡಾಡಲು ಹೇಳಿ. ಹೊಸ ಶೂ ಹಾಕಿ ನೇರವಾಗಿ ಬೆಟ್ಟಕ್ಕೆ ಹೋದರೆ ಎರಡನೇ ದಿನಕ್ಕೇ ಹಿಮ್ಮಡಿಯಲ್ಲಿ ಬೊಬ್ಬೆ.

ಬಟ್ಟೆಯನ್ನು ಪದರ ಪದರವಾಗಿ ಹಾಕಬೇಕು. ಮೈಗೆ ಅಂಟುವ ಥರ್ಮಲ್ ಒಳಗೆ, ಅದರ ಮೇಲೆ ಫ್ಲೀಸ್ ಜಾಕೆಟ್ (ಹಗುರವಾದ, ಜುಂಗು ಜುಂಗಾದ ಬೆಚ್ಚನೆ ಬಟ್ಟೆ), ಅದರ ಮೇಲೆ ಹತ್ತಿಯಂತೆ ಉಬ್ಬಿದ ದಪ್ಪ ಜಾಕೆಟ್, ಎಲ್ಲಕ್ಕಿಂತ ಹೊರಗೆ ಮಳೆ ಗಾಳಿ ತಡೆಯುವ ಕೋಟು. ನಡೆಯುವಾಗ ಒಂದೊಂದೇ ತೆಗೆಯಿರಿ, ನಿಂತ ಕೂಡಲೇ ಹಾಕಿಕೊಳ್ಳಿ. ಜೀನ್ಸ್ ಮತ್ತು ಕಾಟನ್ ಟೀಶರ್ಟ್ ಮನೆಯಲ್ಲೇ ಬಿಡಿ. ಹತ್ತಿ ಬಟ್ಟೆ ಬೆವರು ಕುಡಿದು ಒದ್ದೆಯಾದರೆ ಒಣಗುವುದೇ ಇಲ್ಲ, ಮೈಯ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಒಂದು ಜೊತೆ ಥರ್ಮಲ್, ಒಂದು ಜೊತೆ ಉಣ್ಣೆ ಸಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ "ಮಲಗುವಾಗ ಮಾತ್ರ" ಎಂದು ಎತ್ತಿಡಿ. ಎಂಥ ಮಳೆ ಬಂದರೂ ಆ ಒಂದು ಜೊತೆ ಒಣಗಿರಬೇಕು.

ಬ್ಯಾಗಿನ ಹೊರಗಿನ ಮಳೆ ಕವರನ್ನು ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೆ ದಪ್ಪನೆಯ ದೊಡ್ಡ ಕಸದ ಚೀಲ ಹಾಕಿ, ಅದರಲ್ಲಿ ಬಟ್ಟೆ ತುಂಬಿ ಬಾಯಿ ಕಟ್ಟಿ.

ಟೆಂಟು, ಸ್ಲೀಪಿಂಗ್ ಬ್ಯಾಗುಗಳನ್ನು ಕೊಳ್ಳುವ ಅಗತ್ಯವಿಲ್ಲ, ಉತ್ತರಕಾಶಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಆದರೆ ತೆಗೆದುಕೊಳ್ಳುವಾಗ ಜಿಪ್ ಎಳೆದು ನೋಡಿ, ಟೆಂಟನ್ನು ಅಲ್ಲೇ ಒಮ್ಮೆ ನಿಲ್ಲಿಸಿ ನೋಡಿ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಉಷ್ಣಾಂಶ ಬರೆದಿರಬಹುದು: ಕಂಫರ್ಟ್ ಮತ್ತು ಎಕ್ಸ್‌ಟ್ರೀಮ್. ಮೊದಲನೆಯದು ನೆಮ್ಮದಿಯಾಗಿ ನಿದ್ದೆ ಬರುವ ಮಟ್ಟ, ಎರಡನೆಯದು ಜೀವ ಉಳಿಯುವ ಮಟ್ಟ. ಮೊದಲನೆಯದನ್ನೇ ನೋಡಿ. ನೆಲದ ಚಳಿ ತಡೆಯುವ ಮ್ಯಾಟ್ ಇಲ್ಲದಿದ್ದರೆ ಎಂಥ ಒಳ್ಳೆಯ ಬ್ಯಾಗೂ ಪ್ರಯೋಜನಕ್ಕೆ ಬರುವುದಿಲ್ಲ.

ಹೊರೆಯ ಲೆಕ್ಕ ಹೀಗಿರಲಿ: ಮಗುವಿನ ಬೆನ್ನಿಗೆ ಅದರ ತೂಕದ ಹತ್ತರಲ್ಲೊಂದು ಪಾಲು ಸಾಕು. 30 ಕಿಲೋ ತೂಕದ ಮಗುವಿಗೆ 3 ಕಿಲೋ. ನೀರು, ತಿಂಡಿ, ಮಳೆಕೋಟು, ಟೋಪಿ ಅಷ್ಟೇ. ದೊಡ್ಡವರು ತಮ್ಮ ತೂಕದ ಐದರಲ್ಲೊಂದು ಪಾಲಿನ ಒಳಗೇ ಇರಲಿ. ಉಳಿದದ್ದಕ್ಕೆ ಹೇಸರಗತ್ತೆ ಸಿಗುತ್ತದೆ, ಅಲ್ಲಿ ಅದನ್ನು ಖಚ್ಚರ್ ಅನ್ನುತ್ತಾರೆ. ಮಕ್ಕಳಿದ್ದಾಗ ಹೇಸರಗತ್ತೆ ಬಾಡಿಗೆಗೆ ಹಿಡಿಯುವುದು ಸೋಮಾರಿತನವಲ್ಲ. ಸುಸ್ತಾದ ಮಗುವಿನ ಚೀಲವೂ ನಿಮ್ಮ ಹೆಗಲಿಗೇ ಬರುತ್ತದೆ ಅನ್ನುವುದನ್ನು ಮರೆಯಬೇಡಿ.

ವಿಮಾನದಲ್ಲಿ ಹೋಗುವವರಿಗೆ: ಅಡುಗೆಯ ಗ್ಯಾಸ್ ಡಬ್ಬಿ, ಬೆಂಕಿಪೊಟ್ಟಣ, ಲೈಟರ್ ಯಾವುದನ್ನೂ ಯಾವ ಬ್ಯಾಗಿನಲ್ಲೂ ಬಿಡುವುದಿಲ್ಲ. ಇವನ್ನು ಡೆಹ್ರಾಡೂನ್ ಅಥವಾ ಉತ್ತರಕಾಶಿಯಲ್ಲಿ ಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅಮೆರಿಕದಿಂದ ರಜೆಗೆ ಬರುವ ನಮ್ಮವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಬೆಟ್ಟಕ್ಕೆ ಹಲವರು ಒಯ್ಯುವ, ಫೋನ್ ಸಿಗ್ನಲ್ ಇಲ್ಲದ ಕಡೆಯೂ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸ್ಯಾಟಲೈಟ್ ಸಾಧನಗಳನ್ನು ಭಾರತದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ಪೊಲೀಸ್ ಕೇಸ್ ಆದ ಉದಾಹರಣೆಗಳಿವೆ. ಅದನ್ನು ಅಲ್ಲೇ ಬಿಟ್ಟು ಬನ್ನಿ.

5. ಉತ್ತರಕಾಶಿಗೆ ತಲುಪುವುದು

ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ, ಇಲ್ಲವೇ ದೆಹಲಿಗೆ ಬಂದು ಅಲ್ಲಿಂದ ರೈಲು. ಡೆಹ್ರಾಡೂನ್‌ನಿಂದ ಉತ್ತರಕಾಶಿ ಸುಮಾರು 145 ಕಿಲೋಮೀಟರ್. ನಕ್ಷೆ ನೋಡಿ ಮೂರು ಗಂಟೆ ಅಂದುಕೊಳ್ಳಬೇಡಿ, ಆರೇಳು ಗಂಟೆ ಹಿಡಿಯುತ್ತದೆ. ಪೂರ್ತಿ ತಿರುವು. ಆಗುಂಬೆ ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಡಾಕ್ಟರ್ ಹತ್ತಿರ ಮೊದಲೇ ಮಾತ್ರೆ ಬರೆಸಿಕೊಳ್ಳಿ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಹೋಗಬೇಡಿ. ಮಧ್ಯಾಹ್ನ ಡೆಹ್ರಾಡೂನ್ ತಲುಪಿದರೆ ಅಲ್ಲೇ ಉಳಿದು ಬೆಳಗ್ಗೆ ಬೇಗ ಹೊರಡಿ.

6. ಅನುಮತಿ ಮತ್ತು ಗೈಡ್

ಉತ್ತರಕಾಶಿಯ ಅರಣ್ಯ ಇಲಾಖೆಯ ಕಚೇರಿಯಲ್ಲಿ ಅನುಮತಿ ಪತ್ರ ಮಾಡಿಸಬೇಕು. ಮಕ್ಕಳೂ ಸೇರಿ ಎಲ್ಲರ ಆಧಾರ್ ಪ್ರತಿ, ಫೋಟೋಗಳನ್ನು ಮನೆಯಿಂದಲೇ ಒಯ್ಯಿರಿ. ಶನಿವಾರ, ಭಾನುವಾರ, ಸರ್ಕಾರಿ ರಜೆ ನೋಡಿಕೊಳ್ಳಿ. ದಸರಾ ಸಮಯದಲ್ಲಿ ಅಲ್ಲಿಯೂ ರಜೆ ಇರುತ್ತದಲ್ವಾ? ಟೆಂಟ್ ಎಲ್ಲೆಲ್ಲಿ ಹಾಕಬಹುದು ಎಂದು ಅಲ್ಲೇ ಕೇಳಿ. ಬುಗ್ಯಾಲ್‌ಗಳಲ್ಲಿ, ಅಂದರೆ ಮರಗಳ ಸಾಲು ಮುಗಿದ ಮೇಲೆ ಸಿಗುವ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗಬಾರದು ಎಂದು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಆದೇಶ ಕೊಟ್ಟಿದೆ.

ದಾರಿ ಸ್ಪಷ್ಟವಾಗಿದೆ, ಗೈಡ್ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ: ನೀವಿಬ್ಬರೇ ದೊಡ್ಡವರು, ಒಬ್ಬರ ಕಾಲು ಉಳುಕಿದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಸಹಾಯ ಕರೆಯಲು ಯಾರು ಓಡುತ್ತಾರೆ? ದಾರಿಯಲ್ಲಿ ಸಿಗುವ ಅಗೋಡಾ ಹಳ್ಳಿಯ ಜನ ಗೈಡ್ ಆಗಿ, ಅಡುಗೆಯವರಾಗಿ ಬರುತ್ತಾರೆ. ಪರ್ವತಾರೋಹಣ ಕಲಿಸುವ ನೆಹರೂ ಇನ್‌ಸ್ಟಿಟ್ಯೂಟ್ ಆಫ್ ಮೌಂಟನಿಯರಿಂಗ್ 1965ರಿಂದ ಉತ್ತರಕಾಶಿಯಲ್ಲೇ ಇದೆ. ಅಲ್ಲಿ ತರಬೇತಿ ಪಡೆದವರು ಸಿಕ್ಕರೆ ಇನ್ನೂ ಒಳ್ಳೆಯದು. ಮಾತಾಡುವಾಗ ಒಂದು ವಿಷಯವನ್ನು ನೇರವಾಗಿ ಹೇಳಿಬಿಡಿ: "ಮಕ್ಕಳಿಗೆ ಆಗದಿದ್ದರೆ ನಾವು ಎಲ್ಲಿಂದಾದರೂ ವಾಪಸ್ ಬರುತ್ತೇವೆ, ಒಪ್ಪಿದ ದುಡ್ಡು ಪೂರ್ತಿ ಕೊಡುತ್ತೇವೆ." ಹಾಗೆ ಹೇಳಿದರೆ ಗೈಡಿಗೂ ವಾಪಸ್ ಹೋಗೋಣ ಅನ್ನಲು ಸಂಕೋಚ ಇರುವುದಿಲ್ಲ.

7. ದಾರಿ, ದಿನದಿಂದ ದಿನಕ್ಕೆ

ಗಟ್ಟಿ ಕಾಲಿನವರು ಇದನ್ನು ಮೂರು ನಾಲ್ಕು ದಿನದಲ್ಲಿ ಮುಗಿಸುತ್ತಾರೆ. ಮಕ್ಕಳ ಜೊತೆ ಹೀಗೆ ಹೋಗಿ.

ಮೊದಲ ದಿನ: ಬೆಳಗ್ಗೆ ಅನುಮತಿ ಕೆಲಸ ಮುಗಿಸಿ ಜೀಪಿನಲ್ಲಿ ಸಂಗಮಚಟ್ಟಿಗೆ. ಅಲ್ಲಿಂದ ಅಗೋಡಾಗೆ ಐದಾರು ಕಿಲೋಮೀಟರ್ ಏರುದಾರಿ. ಜೀಪು ಎಲ್ಲಿಯವರೆಗೆ ಹೋಗುತ್ತದೆ ಎಂದು ಹೊರಡುವ ದಿನವೇ ಕೇಳಿಕೊಳ್ಳಿ, ಪ್ರತಿ ಮಳೆಗಾಲದ ನಂತರ ರಸ್ತೆ ಬದಲಾಗುತ್ತದೆ. ಅಗೋಡಾ ಸುಮಾರು 2,250 ಮೀಟರ್ ಎತ್ತರದ ಹಳ್ಳಿ, ಮನೆಗಳಲ್ಲಿ ತಂಗಬಹುದು. ಡೋಡಿತಾಲ್‌ಗಿಂತ ಮೊದಲು ಸಿಗುವ ಕೊನೆಯ ದೊಡ್ಡ ಊರು ಇದು.

ಎರಡನೇ ದಿನ: ಬೇಬ್ರಾವರೆಗೆ ಮಾತ್ರ. ಎರಡು ಮೂರು ಕಿಲೋಮೀಟರ್ ಅಷ್ಟೇ. ಇಷ್ಟು ಕಡಿಮೆ ನಡೆಯಲು ಒಂದು ದಿನ ಏಕೆ ಅನ್ನಬೇಡಿ. ಮೈ ಎತ್ತರಕ್ಕೆ ಹೊಂದಿಕೊಳ್ಳಲು ಸಮಯ ಕೊಡುವುದನ್ನು ಚಾರಣಿಗರು ಅಕ್ಲಿಮಟೈಸೇಶನ್ ಅನ್ನುತ್ತಾರೆ, ಈ ದಿನ ಅದಕ್ಕೇ. ಮಧ್ಯಾಹ್ನ ಸುತ್ತಮುತ್ತ ಇನ್ನಷ್ಟು ಮೇಲಕ್ಕೆ ಹತ್ತಿ, ಮಲಗಲು ಕೆಳಗೆ ಬನ್ನಿ. ಮಕ್ಕಳು ಹನ್ನೆರಡು ದಾಟಿದ್ದರೆ, ಎಲ್ಲರೂ ಲವಲವಿಕೆಯಿಂದ ಇದ್ದರೆ ಈ ನಿಲ್ದಾಣ ಬಿಟ್ಟು ನೇರ ಮಾಂಝಿಗೆ ಹೋಗಬಹುದು.

ಮೂರನೇ ದಿನ: ಬೇಬ್ರಾದಿಂದ ಮಾಂಝಿ. ಇಡೀ ದಾರಿಯಲ್ಲಿ ಕಷ್ಟದ ದಿನ ಇದೇ. ಬೇಬ್ರಾ ಬಿಡುತ್ತಿದ್ದಂತೆ ಕಡಿದಾದ ಏರು, ಆಮೇಲೆ ಕಾಡಿನೊಳಗೆ ಉದ್ದಕ್ಕೆ ಎಂಟು ಕಿಲೋಮೀಟರಿನಷ್ಟು. ಬೆಳಗ್ಗೆ ಏಳಕ್ಕೆ ಹೊರಡಿ. ಮಕ್ಕಳು ಅರ್ಧ ಗಂಟೆ ನಡೆದರೆ ಐದು ನಿಮಿಷ ಕೂರಲಿ. ಎದುರಿಗೆ ಹೇಸರಗತ್ತೆ ಬಂದರೆ ಯಾವಾಗಲೂ ಬೆಟ್ಟದ ಕಡೆಗೆ ಸರಿದು ನಿಲ್ಲಬೇಕು, ಕಣಿವೆಯ ಕಡೆಗಲ್ಲ. ಅದರ ಮೈಮೇಲಿನ ಮೂಟೆ ತಾಗಿದರೆ ಸಾಕು, ಕೆಳಗೆ ತಳ್ಳಿಬಿಡುತ್ತದೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಅಭ್ಯಾಸ ಮಾಡಿಸಿ. ದಾರಿ ಬದಿಯ ಬಿಚ್ಚೂ ಘಾಸ್ ಗಿಡವನ್ನೂ ಗೈಡಿಗೆ ಹೇಳಿ ತೋರಿಸಿ. ಮಲೆನಾಡಿನ ತುರಿಕೆ ಗಿಡದಂತೆ ಮುಟ್ಟಿದರೆ ಉರಿ.

ನಾಲ್ಕನೇ ದಿನ: ಮಾಂಝಿಯಿಂದ ಡೋಡಿತಾಲ್ ಐದು ಕಿಲೋಮೀಟರ್. ನೆರಳಿನ ದಾರಿ, ಏರು ಕಡಿಮೆ. ಊಟದ ಹೊತ್ತಿಗೆ ಕೆರೆಯ ಬಳಿ ಇರುತ್ತೀರಿ.

ಐದನೇ ದಿನ ಅಲ್ಲೇ ಇರಿ. ಇಷ್ಟು ದೂರ ಬಂದು ಫೋಟೋ ತೆಗೆದು ಮರುದಿನವೇ ಓಡುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಕೆರೆಯ ಸುತ್ತ ನಡೆಯಿರಿ, ಮೀನು ನೋಡಿ, ಗುಡಿಯಲ್ಲಿ ಕೂರಿ, ಮಕ್ಕಳು ಏನೂ ಮಾಡದೆ ಇರಲಿ. ಇಲ್ಲಿಂದ ಮೇಲೆ ದರ್ವಾ ಪಾಸ್ (ಬೆಟ್ಟದ ಸಾಲು ದಾಟುವ ಎತ್ತರದ ದಾರಿ) ಇದೆ, 4,000 ಮೀಟರ್ ದಾಟುತ್ತದೆ. ಒಂದೇ ದಿನಕ್ಕೆ ಅಷ್ಟು ಏರುವುದು ಮಕ್ಕಳಿಗೆ ಬೇಡ. ಆಸೆ ಇದ್ದರೆ ಆ ದಾರಿಯಲ್ಲಿ ಒಂದೆರಡು ಗಂಟೆ ಹತ್ತಿ ಹಿಂತಿರುಗಿ. ಕೆರೆಗೆ ಇಳಿದು ಈಜುವುದು ಬೇಡ. ಆ ತಣ್ಣೀರಿಗೆ ಬಿದ್ದ ಕೂಡಲೇ ಉಸಿರು ಹಿಡಿತ ತಪ್ಪುತ್ತದೆ, ಈಜು ಬಲ್ಲವರೂ ಮುಳುಗುವುದು ಹೀಗೆಯೇ.

ಆರನೇ ದಿನ ಬೇಬ್ರಾವರೆಗೆ ಇಳಿಯಿರಿ, ಏಳನೇ ದಿನ ಸಂಗಮಚಟ್ಟಿ ದಾಟಿ ಉತ್ತರಕಾಶಿ. ಎಂಟನೆಯದು ಆ ಖಾಲಿ ದಿನ. ಮಳೆ ಬಂದರೆ, ಯಾರಿಗಾದರೂ ಹುಷಾರಿಲ್ಲದಿದ್ದರೆ ಬೆಟ್ಟದ ಮೇಲೆಯೇ ಅದನ್ನು ಬಳಸಿಕೊಳ್ಳಿ. ಬೆಂಗಳೂರಿನಿಂದ ಹೋಗಿ ಬರುವುದೂ ಸೇರಿದರೆ ಒಟ್ಟು 12 ದಿನ ಆಗುತ್ತದೆ.

8. ಎತ್ತರದ ಕಾಯಿಲೆ: ಈ ಭಾಗವನ್ನು ಎರಡು ಸಲ ಓದಿ

ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಮೈ ಹೊಂದಿಕೊಳ್ಳುವ ಮೊದಲೇ ಏರಿದರೆ ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಾರದಿರುವುದು ಕಾಣಿಸುತ್ತದೆ. ಮಕ್ಕಳು ಇದನ್ನು ಹೀಗೆ ಬಿಡಿಸಿ ಹೇಳುವುದಿಲ್ಲ. ಅವರು ಊಟ ಬೇಡ ಅನ್ನುತ್ತಾರೆ, ರಚ್ಚೆ ಹಿಡಿಯುತ್ತಾರೆ, ಆಡುವುದನ್ನು ಬಿಟ್ಟು ಮೂಲೆಯಲ್ಲಿ ಕೂರುತ್ತಾರೆ. ಸುಸ್ತು ಎಂದುಕೊಂಡು ಬಿಡಬೇಡಿ. 2,500 ಮೀಟರ್ ದಾಟಿದ ಮೇಲೆ ಮಗು ಮಂಕಾದರೆ, ಬೇರೆ ಕಾರಣ ಸಿಗುವವರೆಗೆ ಅದು ಎತ್ತರದ ಕಾಯಿಲೆ ಎಂದೇ ತಿಳಿಯಿರಿ.

ಮೊದಲ ಹೆಜ್ಜೆ: ಇನ್ನು ಮೇಲೆ ಹತ್ತಬೇಡಿ. ಅಲ್ಲೇ ತಂಗಿ, ನೀರು ಕುಡಿಸಿ, ವಿಶ್ರಾಂತಿ ಕೊಡಿ. ಕಡಿಮೆಯಾಗದಿದ್ದರೆ ಇಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು, ಕಫದ ಕೆಮ್ಮು, ತುಟಿ ನೀಲಿಯಾಗುವುದು, ನೇರ ನಡೆಯಲಾಗದೆ ತೂರಾಡುವುದು, ಮಾತು ತಡವರಿಸುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ. ಗೈಡ್ ಜೊತೆ ಆಗಲೇ ಇಳಿಯಿರಿ. ಕೆಳಗೆ ಇಳಿಯುವುದಕ್ಕಿಂತ ಒಳ್ಳೆಯ ಮದ್ದು ಇದಕ್ಕೆ ಇಲ್ಲ.

ಡಯಾಮಾಕ್ಸ್ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತೀರಿ. ಅದು ಮೈ ಹೊಂದಿಕೊಳ್ಳಲು ನೆರವಾಗುತ್ತದೆ. ಆದರೆ ಸಲ್ಫಾ ಔಷಧ ಒಗ್ಗದವರಿಗೆ ಅಪಾಯವಾಗಬಹುದು. ಮಕ್ಕಳ ಪ್ರಮಾಣವನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು, ಅಂಗಡಿಯವರಲ್ಲ. ನಿದ್ದೆ ಮಾತ್ರೆ ಮುಟ್ಟಬೇಡಿ. ದೊಡ್ಡವರು ಚಳಿಗೆ ಸ್ವಲ್ಪ ಎಂದು ಮದ್ಯ ತೆಗೆದುಕೊಳ್ಳುವುದೂ ಬೇಡ, ಅದು ಮೈಯ ಶಾಖವನ್ನು ಇನ್ನೂ ಬೇಗ ಹೊರಬಿಡುತ್ತದೆ.

ಚಳಿಯ ಅಪಾಯವೂ ಅಷ್ಟೇ ದೊಡ್ಡದು. ಒದ್ದೆ ಬಟ್ಟೆ, ಗಾಳಿ, ಹಸಿವು ಮೂರೂ ಸೇರಿದರೆ ಸೊನ್ನೆಗಿಂತ ಮೇಲಿನ ಉಷ್ಣಾಂಶದಲ್ಲೂ ಮೈ ತಣ್ಣಗಾಗುತ್ತಾ ಹೋಗುತ್ತದೆ. ನಡುಗುವ ಮಗುವಿಗೆ ಒದ್ದೆ ಬಟ್ಟೆ ಬಿಚ್ಚಿ ಒಣ ಬಟ್ಟೆ ಹಾಕಿ, ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ, ಬಿಸಿ ಸಿಹಿ ಹಾಲೋ ಟೀಯೋ ಕುಡಿಸಿ. ನಡುಗುತ್ತಿದ್ದ ಮಗು ಬೆಚ್ಚಗಾಗದೆಯೇ ನಡುಕ ನಿಂತು ತೂಕಡಿಸಿದರೆ ಅದು ಸುಧಾರಣೆಯಲ್ಲ, ಅಪಾಯ.

9. ಊಟ, ನೀರು

ಅಗೋಡಾ, ಬೇಬ್ರಾಗಳಲ್ಲಿ ಊಟ ಸಿಗುತ್ತದೆ. ಮಾಂಝಿ, ಡೋಡಿತಾಲ್‌ನ ಢಾಬಾಗಳು ಸೀಸನ್ ನೋಡಿ ತೆರೆಯುತ್ತವೆ, ಅವನ್ನೇ ನಂಬಿ ಹೋಗಬೇಡಿ. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಸಣ್ಣ ಕುಕ್ಕರ್ ಇರಲಿ, ಇಲ್ಲವೇ ಹೆಸರುಬೇಳೆ ಒಯ್ಯಿರಿ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದಾರ್ಥಗಳಿವೆ. ಹುರಿದು ಒಗ್ಗರಣೆ ಬೆರೆಸಿದ ರವೆ ಇದ್ದರೆ ಬಿಸಿನೀರು ಹಾಕಿ ಉಪ್ಪಿಟ್ಟು. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು ಹಗುರ, ಬೇಗ ಆಗುತ್ತವೆ. ದಾರಿಯಲ್ಲಿ ಮಕ್ಕಳ ಜೇಬಿಗೆ ಕಡಲೆಮಿಠಾಯಿ, ಒಣದ್ರಾಕ್ಷಿ, ಕೊಬ್ಬರಿ ಬೆಲ್ಲ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆಗ ಮನೆಯ ರುಚಿಯನ್ನಾದರೆ ಎರಡು ತುತ್ತು ಜಾಸ್ತಿ ತಿನ್ನುತ್ತಾರೆ.

ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಮೇಲೆ ದನ, ಹೇಸರಗತ್ತೆಗಳು ಮೇಯುತ್ತಿರುತ್ತವೆ. ಮೂರು ನಿಮಿಷ ಕುದಿಸಿ ಕುಡಿಯಿರಿ. ಮೂತ್ರ ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ಇದನ್ನು ಮಕ್ಕಳಿಗೇ ನೋಡಿಕೊಳ್ಳಲು ಕಲಿಸಿ. ಕಾಡಿನಲ್ಲಿ ಕರಡಿಗಳಿವೆ. ಊಟ ತಿಂಡಿಯನ್ನು ಮಲಗುವ ಟೆಂಟಿನೊಳಗೆ ಇಡಬೇಡಿ.

10. ನಡೆಯುವಾಗಿನ ಶಿಸ್ತು

ದೊಡ್ಡವರೊಬ್ಬರು ಮುಂದೆ, ಒಬ್ಬರು ಕಟ್ಟಕಡೆಗೆ, ಮಕ್ಕಳು ನಡುವೆ. ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಎಲ್ಲರ ವೇಗ. ಪ್ರತಿ ಮಗುವಿನ ಕುತ್ತಿಗೆಗೆ ಒಂದು ಸೀಟಿ ಇರಲಿ. ದಾರಿ ತಪ್ಪಿತು ಅನಿಸಿದರೆ ಇದ್ದಲ್ಲೇ ಒಂದು ಮರ ಹಿಡಿದು ನಿಲ್ಲಬೇಕು, ಮೂರು ಸಲ ಸೀಟಿ ಊದಬೇಕು, ಹುಡುಕಿಕೊಂಡು ಹೋಗಬಾರದು. ಮಧ್ಯಾಹ್ನ ಎರಡರ ಒಳಗೆ ತಂಗುವ ಜಾಗ ಸೇರಿ, ಮಳೆ ಸಾಮಾನ್ಯವಾಗಿ ಅದರ ನಂತರವೇ. ನದಿ, ತೊರೆಗಳ ಪಾತ್ರದಲ್ಲಿ ಎಷ್ಟೇ ಚೆಂದದ ಮರಳಿದ್ದರೂ ಟೆಂಟ್ ಹಾಕಬೇಡಿ.

ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಿ. ಒದ್ದೆ ಟಿಶ್ಯೂ, ಸ್ಯಾನಿಟರಿ ಪ್ಯಾಡು, ಚಾಕೊಲೇಟ್ ಕಾಗದ ಎಲ್ಲವೂ ನಿಮ್ಮ ಜೊತೆ ಕೆಳಗೆ ಬರಬೇಕು. ಇದಕ್ಕೆಂದೇ ಒಂದು ದಪ್ಪ ಚೀಲ ಇಟ್ಟುಕೊಳ್ಳಿ. ಹನ್ನೆರಡರ ಆಸುಪಾಸಿನ ಹೆಣ್ಣುಮಕ್ಕಳಿದ್ದರೆ, ಮೊದಲ ಮುಟ್ಟು ಬೆಟ್ಟದ ಮೇಲೆಯೇ ಆಗಬಹುದು ಎಂದುಕೊಂಡು ಅಮ್ಮ ಮೊದಲೇ ಮಾತಾಡಿರಲಿ, ಪ್ಯಾಡು ಜೊತೆಗಿರಲಿ.

11. ಮನೆಯವರಿಗೆ ಬಿಟ್ಟುಹೋಗಬೇಕಾದ ಚೀಟಿ

ಸಂಗಮಚಟ್ಟಿ ದಾಟಿದ ಮೇಲೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ರಾತ್ರಿ ಫೋನನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ. ಊರಿನಲ್ಲಿ ಒಬ್ಬರಿಗೆ, ಉತ್ತರಕಾಶಿಯಲ್ಲಿ ಒಬ್ಬರಿಗೆ ಒಂದು ಚೀಟಿ ಕೊಡಿ: ಯಾವ ರಾತ್ರಿ ಎಲ್ಲಿ ತಂಗುತ್ತೀರಿ, ಗೈಡ್ ಯಾರು, ಯಾವ ದಿನ ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ. ಆ ಹೊತ್ತು ದಾಟಿ ಎಷ್ಟು ಗಂಟೆ ಕಾದು ದೂರು ಕೊಡಬೇಕು ಎನ್ನುವುದನ್ನೂ ಬರೆಯಿರಿ. ಇಲ್ಲದಿದ್ದರೆ ಅವರು ಒಂದು ಗಂಟೆಗೇ ಗಾಬರಿಯಾಗುತ್ತಾರೆ, ಅಥವಾ ಎರಡು ದಿನ ಸುಮ್ಮನಿರುತ್ತಾರೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಉತ್ತರಾಖಂಡದ ವಿಪತ್ತು ನಿಯಂತ್ರಣ ಕೊಠಡಿಗೆ 1070. ಅಗೋಡಾಗೆ ವಾಪಸ್ ಇಳಿದ ಕೂಡಲೇ ಸಿಗ್ನಲ್ ಹುಡುಕಿ ಮೊದಲು ಮಾಡಬೇಕಾದ ಫೋನ್ ಆ ಚೀಟಿ ಇಟ್ಟುಕೊಂಡವರಿಗೆ.